‘ಮತ್ತು ಸಂಗಡಿಗರು’: ದಾವಣಗೆರೆಯ ಒಂದು ಸಣ್ಣ ಕ್ಯಾಸೆಟ್ ಕಂಪನಿಯ ಪಟ್ಟಿ ಕಟ್ಟಿದ ಬಗೆ

ಗೋಣಿಚೀಲದ ತುಂಬ ಹಳೇ ಕ್ಯಾಸೆಟ್ ಕಂಡ ಕೂಡಲೇ ಒಂದನ್ನು ಡೆಕ್ಕಿಗೆ ಹಾಕಿ ಕೇಳೋಣ ಅಂತ ಕೈ ತುರಿಸುತ್ತದೆ. ಹಾಕಬೇಡಿ. ಇಪ್ಪತ್ತು ವರ್ಷ ಸುತ್ತದೆ ಬಿದ್ದಿದ್ದ ಟೇಪು ಮೊದಲ ಸುತ್ತಿಗೇ ಡೆಕ್ಕಿನ ರಬ್ಬರ್ ಉರುಳೆ, ಅಂದರೆ ಪಿಂಚ್ ರೋಲರ್‌ಗೆ ಸುತ್ತಿಕೊಂಡರೆ ಇದ್ದ ಒಂದು ಪ್ರತಿಯೂ ಹೋಯಿತು. ಮೊದಲ ಎರಡು ವಾರ ಪೂರ್ತಿ ಕಾಗದದ ಕೆಲಸ, ಊರೂರು ತಿರುಗುವ ಕೆಲಸ. ಡೆಕ್ಕಿಗೆ ಕರೆಂಟು ಕೊಡುವುದು ಅದಾದ ಮೇಲೆ.

ಪಟ್ಟಿ ಕಟ್ಟಿ, ಹಾಡುಗಳನ್ನು ಆನ್‌ಲೈನಿಗೂ ಪೆನ್‌ಡ್ರೈವಿಗೂ ತರಲೆಂದು ನಾವು ಕೈ ಹಾಕಿದ್ದು ದಾವಣಗೆರೆಯ ಒಂದು ಸಣ್ಣ ಲೇಬಲ್ಲಿನ ಸರಕಿಗೆ. ಎಂಬತ್ತರ ದಶಕದ ಕೊನೆಯಲ್ಲಿ ಶುರುವಾಗಿ, ಸಿ.ಡಿ.ಯೂ ಅದರ ಬೆನ್ನಿಗೇ ಮೆಮೊರಿ ಕಾರ್ಡೂ ಬಂದು ವ್ಯಾಪಾರ ಮುಳುಗುವ ತನಕ ನಡೆದದ್ದು. ಮುಂದೆ ಅಂಗಡಿ, ಹಿಂದಿನ ಕೋಣೆಯಲ್ಲಿ ಕಾಪಿ ಹೊಡೆಯುವ ಮಷೀನು. ಮನೆಯವರು ಹೆಸರು ಬೇಡ ಅಂದದ್ದರಿಂದ ಇಲ್ಲಿ ಬರೀ ‘ಕಂಪನಿ’ ಅನ್ನುತ್ತೇವೆ. ಸರಕು ಅಂದರೆ ತತ್ವಪದ, ಭಜನೆ, ಸೋಬಾನೆ, ಕೋಲಾಟದ ಪದ, ಕಂಪನಿ ನಾಟಕದ ಹಾಡು, ಉಕ್ಕಡಗಾತ್ರಿ ಅಜ್ಜಯ್ಯನ ಮೇಲಿನ ಭಕ್ತಿಗೀತೆ, ಕಾಡುಗೊಲ್ಲರ ಜುಂಜಪ್ಪ ಮತ್ತು ಎತ್ತಪ್ಪನ ಕಥೆ, ಮ್ಯಾಸಬೇಡರ ಗಾದ್ರಿ ಪಾಲನಾಯಕನ ಕಥೆ. ಬೆಂಗಳೂರಿನ ದೊಡ್ಡ ಕಂಪನಿಗಳು ಸಿನಿಮಾ ಹಾಡಿನ ಹಿಂದೆ ಬಿದ್ದಿದ್ದ ಕಾಲದಲ್ಲಿ ಚಳ್ಳಕೆರೆ, ಜಗಳೂರು, ಮೊಳಕಾಲ್ಮುರು ಕಡೆಯ ದನಿಗಳನ್ನು ಹಿಡಿದಿಟ್ಟದ್ದು ಇಂಥ ಹಿಂಬದಿ ಕೋಣೆಗಳೇ.

ಮೊದಲು ಇನ್‌ಲೇ ಕಾರ್ಡು, ಅಂದರೆ ಡಬ್ಬಿಯೊಳಗೆ ಮಡಚಿ ಇಡುವ ಕವರು. ಒಂದು ಕ್ಯಾಸೆಟ್ಟಿಗೆ ಒಂದು ಸಾಲಿನಂತೆ ಎಕ್ಸೆಲ್ ಶೀಟು ಮಾಡಿಕೊಂಡೆವು. ಕವರಿನ ಬೆನ್ನಿನ ಮೇಲಿನ ನಂಬರು ಒಂದು ಅಂಕಣ, ಶೆಲ್ಲಿನ, ಅಂದರೆ ಟೇಪು ಕೂತ ಪ್ಲಾಸ್ಟಿಕ್ ಗೂಡಿನ, ಮೇಲಿನ ನಂಬರು ಬೇರೆ ಅಂಕಣ. ಒಂದೇ ಅಲ್ಲವೇ ಅಂತ ಸೇರಿಸಿಬಿಟ್ಟರೆ ಆಮೇಲೆ ಅಳಬೇಕಾಗುತ್ತದೆ. ಮಾರಿದವರು, ಕೇಳಿದವರು ಡಬ್ಬಿ ಅದಲು ಬದಲು ಮಾಡಿರುತ್ತಾರೆ. ಎರಡೂ ನಂಬರು ತಾಳೆಯಾದರೆ ಮಾತ್ರ ಕವರೂ ಟೇಪೂ ಒಂದೇ ಬಸಿರಿನವು. ಬೆಲೆಯ ಸಾಲು, ವಿಳಾಸ, ಫೋನ್ ನಂಬರು, ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಎಲ್ಲವನ್ನೂ ಇದ್ದಹಾಗೆ, ತಪ್ಪು ಕಾಗುಣಿತದ ಸಮೇತ ಇಳಿಸಬೇಕು.

ವರ್ಷ ಹುಡುಕುವುದೇ ದೊಡ್ಡ ತಲೆನೋವು. ಕೃತಿಸ್ವಾಮ್ಯ ಕಾಯ್ದೆಗೆ 1984ರ ತಿದ್ದುಪಡಿಯಲ್ಲಿ 52ಎ ಅನ್ನುವ ಕಲಮು ಸೇರಿತು. ಧ್ವನಿಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇವಿಷ್ಟು ಕವರಿನ ಮೇಲೆ ಇರಲೇಬೇಕು ಅನ್ನುತ್ತದೆ ಅದು. ಸಣ್ಣ ಕಂಪನಿಗಳು ಹೆಸರು ವಿಳಾಸ ಹಾಕಿದವು, ವರ್ಷ ನುಂಗಿದವು. ವರ್ಷ ಹಾಕಿದರೆ ಮುಂದಿನ ಜಾತ್ರೆಗೆ ಅದು ಹಳೇ ಮಾಲಾಗುತ್ತದಲ್ಲ!

ಹಾಗಾಗಿ ಸುತ್ತು ದಾರಿ ಹಿಡಿಯಬೇಕು. ವಿಳಾಸದಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಕವರು ಅಚ್ಚಾದದ್ದು 1997ರ ಆಗಸ್ಟಿಗೆ ಮುಂಚೆ, ದಾವಣಗೆರೆ ಬೇರೆ ಜಿಲ್ಲೆಯಾಗುವ ಮೊದಲು. ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದಿದ್ದರೆ ಇನ್ನೂ ಹಳೆಯದು. ‘ಎಲ್ಲ ತೆರಿಗೆಗಳೂ ಸೇರಿ’ ಎಂಬ ಗರಿಷ್ಠ ಮಾರಾಟ ಬೆಲೆ ಬಂದದ್ದು ಸಾಮಾನ್ಯವಾಗಿ 1990ರ ಈಚೆಗೆ. ಹತ್ತು ಅಂಕಿಯ ಮೊಬೈಲ್ ನಂಬರಿದ್ದರೆ ಕೊನೆಗಾಲದ್ದು. ತಿಂಗಳು ತಿಳಿಯಲು ಜಾತ್ರೆ ನೋಡಬೇಕು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಫಾಲ್ಗುಣದಲ್ಲಿ, ಆ ಸ್ವಾಮಿಯ ಮೇಲಿನ ಕ್ಯಾಸೆಟ್ ಅದಕ್ಕೆ ಹದಿನೈದು ದಿನ ಮುಂಚೆ ಅಂಗಡಿಗೆ ಬಂದಿರುತ್ತದೆ. ದಾವಣಗೆರೆ ದುರ್ಗಾಂಬಿಕಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಆಗುವುದರಿಂದ ಆಕೆಯ ಮೇಲಿನ ಹಾಡುಗಳಿಗೆ ಒಂದು ವರ್ಷ ಬಿಟ್ಟು ಒಂದು ವರ್ಷವನ್ನು ಹೊಡೆದುಹಾಕಬಹುದು.

ಇಲ್ಲೊಂದು ಎಚ್ಚರಿಕೆ. ಇವೆಲ್ಲ ಕವರಿನ ವಯಸ್ಸು ಹೇಳುತ್ತವೆ, ಟೇಪಿನದ್ದಲ್ಲ. ಆಫ್‌ಸೆಟ್ಟಿನಲ್ಲಿ ಸಾವಿರಕ್ಕಿಂತ ಕಡಿಮೆ ಕವರು ಹಾಕಿಸಿದರೆ ಗಿಟ್ಟುವುದಿಲ್ಲ, ಕ್ಯಾಸೆಟ್ ಮಾತ್ರ ಬೇಕಾದಾಗ ಐವತ್ತು ನೂರರಂತೆ ಕಾಪಿ ಹೊಡೆಯುತ್ತಿದ್ದರು. 1995ರಲ್ಲಿ ಅಚ್ಚಾದ ಕವರು 2001ರಲ್ಲಿ ಹೊಡೆದ ಕಾಪಿಯ ಮೈಮೇಲೆ ಇರಬಹುದು. ಅದೇ ಕಾರಣಕ್ಕೆ ಗೋದಾಮಿನಲ್ಲಿ ಉಳಿದ ಕವರಿನ ಕಟ್ಟು ಎಣಿಸಿ ‘ಇದು ಓಡಲಿಲ್ಲ’ ಅಂತ ತೀರ್ಪು ಕೊಡಬಾರದು. ಬಿಡುಗಡೆ ನಂಬರನ್ನೂ ಕಾಲಕ್ರಮ ಅಂತ ನಂಬಲಾಗದು. ಕಂಪನಿ ದೊಡ್ಡದು ಅಂತ ತೋರಲಿ ಎಂದು ನಂಬರು 1ರ ಬದಲು 101ರಿಂದ ಶುರು ಮಾಡುವುದು ಮಾಮೂಲು. ರೆಕಾರ್ಡಿಂಗ್ ಆದಾಗ ನಂಬರು ಕೊಟ್ಟು, ದುಡ್ಡು ಹೊಂದಿಸಿ ಹೊರಗೆ ತಂದದ್ದು ಎರಡು ವರ್ಷದ ಮೇಲೆ ಇರಬಹುದು. ನಡುವೆ ಬಿಟ್ಟುಹೋದ ನಂಬರು ಅಂದರೆ ಕಳೆದುಹೋದ ಕ್ಯಾಸೆಟ್ ಅಂತ ಹುಡುಕುತ್ತ ಹೋಗಬೇಡಿ. ಬಿಲ್ ಪುಸ್ತಕ ಸಿಕ್ಕರೆ ಅದೇ ಸಾಕ್ಷಿ. ಅದರಲ್ಲಿ ನಂಬರು ಇರುವುದಿಲ್ಲ, ‘ಅಜ್ಜಯ್ಯ 2’, ‘ಸೋಬಾನೆ ಹಳೇದು’ ಅಂತ ಅಡ್ಡಹೆಸರು ಇರುತ್ತದೆ. ಆದರೆ ತಾರೀಖು ಇರುತ್ತದೆ.

ಕಾಗದ ಮುಗಿದ ಮೇಲೆ ಜನ. ನಮ್ಮ ಕೈಗೆ ಬಂದ ಕವರುಗಳಲ್ಲಿ ಹೆಚ್ಚಿನವುಗಳ ಮೇಲೆ ಒಬ್ಬರ ಹೆಸರು, ಅದರ ಮುಂದೆ ‘ಮತ್ತು ಸಂಗಡಿಗರು’. ಹಾರ್ಮೋನಿಯಂ ಯಾರು, ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ) ಯಾರು, ತಾಳ ಯಾರದು, ಹಿಂದೆ ಸೊಲ್ಲು ಎತ್ತಿಕೊಂಡ ಹೆಂಗಸರು ಯಾರು ಅನ್ನುವುದು ಆ ಎರಡು ಪದದೊಳಗೆ ಮುಚ್ಚಿಹೋಗಿದೆ. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಪದಗಾರ್ತಿ ಸಿರಿಯಜ್ಜಿಗೆ ನಾಡೋಜ ಬಂತು, ನಾಡು ಆಕೆಯ ಹೆಸರು ಕಲಿತಿತು. ಹಾಗೆ ಕಲಿತದ್ದು ಎಷ್ಟು ಜನರದ್ದು?

ಹೆಸರು ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಕವರಿನ ಮೇಲೆ ‘ಆಕಾಶವಾಣಿ ಕಲಾವಿದರು’ ಅಂತಿದ್ದರೆ ಊರಿನವರಿಗೆ ಅವರ ಮನೆ ಗೊತ್ತಿರುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮಾಸಾಶನ ಪಡೆಯುವ ಕಲಾವಿದರ ಬಗ್ಗೆ ವಿಚಾರಿಸಬಹುದು. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಕವರಿನ ಫೋಟೊ. ಮೇಳದವರೆಲ್ಲ ಸ್ಟುಡಿಯೊದಲ್ಲಿ ಸಾಲಾಗಿ ನಿಂತು ತೆಗೆಸಿದ ಫೋಟೊವನ್ನು ಎ4 ಅಳತೆಗೆ ದೊಡ್ಡದು ಮಾಡಿಸಿ, ಒಂದೊಂದು ತಲೆಗೂ ಪೆನ್ನಿನಲ್ಲಿ ನಂಬರು ಹಾಕಿ ಊರಿನ ಕಟ್ಟೆ ಮೇಲೆ ಇಟ್ಟರೆ ಅರ್ಧ ಗಂಟೆಯಲ್ಲಿ ಹೆಸರು ಬರುತ್ತವೆ. ಒಬ್ಬರನ್ನೇ ಕೇಳಬಾರದು. ಒಬ್ಬರು ‘ಇವನು ತಿಪ್ಪೇಸ್ವಾಮಿ’ ಅಂದರೆ ಇನ್ನೊಬ್ಬರು ‘ಅಲ್ಲ, ಅವನ ತಮ್ಮ’ ಅನ್ನುತ್ತಾರೆ, ಆ ಜಗಳದಲ್ಲೇ ನಿಜ ಹೊರಡುವುದು. ಮೊಬೈಲಿನಲ್ಲಿ ರೆಕಾರ್ಡ್ ಹಾಕಿ ಪ್ರತಿಯೊಬ್ಬರ ಹೆಸರು, ಊರು, ಏನು ನುಡಿಸಿದರು ಎಂದು ಹೇಳಿಸಿಕೊಳ್ಳಬೇಕು. ಮುಖ್ಯ ಹಾಡುಗಾರರೊಬ್ಬರು ಕಾಗದ ನೋಡಿ ಹೇಳಿದ ಮಾತು ಇಷ್ಟೇ: “ನಂದೊಂದೇ ಹೆಸ್ರು ಹಾಕಬ್ಯಾಡ್ರಿ ಸರ. ದಮ್ಮಡಿ ಬಿಟ್ರೆ ನನ್ ಪದ ಎಲ್ಲೈತಿ?”

ಟೇಪು ಇನ್ನೊಂದು ವರ್ಷ ಕಾಯುತ್ತದೆ. ಎಂಬತ್ತು ದಾಟಿದ ದಮ್ಮಡಿಯವರು ಕಾಯುವುದಿಲ್ಲ. ಕೆಲಸದ ಕ್ರಮ ಹೀಗಿರಲು ಕಾರಣ ಅದೊಂದೇ.

‘ಸಾಹಿತ್ಯ: ಜಾನಪದ’ ಎಂದು ಕವರಿನಲ್ಲಿದ್ದರೆ ಹಾಗೇ ನಂಬಬಾರದು. ಬರೆದವರು ಯಾರು ಅಂತ ವಿಚಾರಿಸಲು ಪುರುಸೊತ್ತಿಲ್ಲದಾಗ ಹಾಕುವ ಮಾತು ಅದು. ಕೊನೆಯ ಚರಣದ ಅಂಕಿತ ಕೇಳಿ. ‘ಶಿಶುನಾಳಾಧೀಶ’ ಬಂದರೆ ಶರೀಫರದು (1819–1889), ‘ಕೂಡಲಸಂಗಮದೇವ’ ಬಂದರೆ ಬಸವಣ್ಣನವರ ವಚನ; ಸಾಹಿತ್ಯಕ್ಕೆ ಹಕ್ಕಿನ ತೊಡಕಿಲ್ಲ. ಊರಿನ ದೇವರ ಹೆಸರೇ ಅಂಕಿತವಾಗಿದ್ದರೆ ಬರೆದವರು ಆ ಊರಿನ ಮೇಷ್ಟರೋ ಅಯ್ಯನೋರೋ ಆಗಿರುವ ಸಂಭವ ಹೆಚ್ಚು, ಅವರ ಮಕ್ಕಳು ಇರುತ್ತಾರೆ. ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಸಾಹಿತ್ಯಕ್ಕೆ ಹಕ್ಕು ಇರುತ್ತದೆ. 1965ರಲ್ಲಿ ತೀರಿಕೊಂಡವರ ಪದ 2026ರ ಜನವರಿ 1ರಿಂದ ಎಲ್ಲರದು. ಧ್ವನಿಮುದ್ರಣದ ಲೆಕ್ಕ ಬೇರೆ, ಅಲ್ಲಿ ಪ್ರಕಟವಾದ ಮುಂದಿನ ವರ್ಷದಿಂದ 60. 1988ರ ಕ್ಯಾಸೆಟ್ಟಿನ ಹಕ್ಕು 2048ರ ಡಿಸೆಂಬರ್ ಕೊನೆಯ ತನಕ. ವರ್ಷ ಹುಡುಕಲು ಅಷ್ಟು ಒದ್ದಾಡಿದ್ದು ಸುಮ್ಮನೆ ಅಲ್ಲ.

ಆ ಹಕ್ಕು ಮುದ್ರಣದ ಹೊಣೆ ಹೊತ್ತು ಮಾಡಿಸಿದವರದ್ದು, ಅಂದರೆ ಇಲ್ಲಿ ಅಂಗಡಿಯ ಯಜಮಾನರದು. ಅವರು ಇಲ್ಲದಿದ್ದರೆ ವಂಶವೃಕ್ಷದಲ್ಲಿರುವ ವಾರಸುದಾರರೆಲ್ಲರ ಸಹಿ ಬೇಕು, ಅಂಗಡಿಯಲ್ಲಿ ಕೂರುವ ಮಗನದ್ದೊಂದೇ ಸಾಲದು. ಮದುವೆಯಾಗಿ ಹರಿಹರಕ್ಕೋ ರಾಣೇಬೆನ್ನೂರಿಗೋ ಹೋದ ಮಗಳ ಸಹಿ ಬಿಟ್ಟು ಆಮೇಲೆ ಆನ್‌ಲೈನಿನಿಂದ ಹಾಡು ತೆಗೆಯುವ ಪಾಡು ಬೇಡ. ಒಪ್ಪಂದದಲ್ಲಿ ಕೃತಿಯ ಹೆಸರು, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಗಳಿಗೆ, ಹಣ ಎಷ್ಟು ಎಂಬುದೆಲ್ಲ ಬಿಡಿಸಿ ಬರೆದಿರಬೇಕು. ಅವಧಿ ಬರೆಯದಿದ್ದರೆ ಕಾಯ್ದೆಯ 19ನೇ ಕಲಮಿನಂತೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆನ್‌ಲೈನಿಗೆ ಹಾಕುವ ಹಾಡಿಗೆ ಭಾರತಕ್ಕೆ ಮಾತ್ರ ಅಂದರೆ ಅರ್ಧ ಕೈ ಕಟ್ಟಿದಂತೆ. ಹಾಡುಗಾರರಿಗೂ ಅವರ ಹಾಡಿಕೆಯ ಮೇಲೆ 50 ವರ್ಷದ ಹಕ್ಕಿದೆ. ಹಳೇ ಫೈಲಿನಲ್ಲಿ ರೆವೆನ್ಯೂ ಸ್ಟಾಂಪಿನ ಮೇಲೆ ‘ಹಣ ಸಂದಾಯ’ ಎಂಬ ಒಂದು ಚೀಟಿ ಇರುತ್ತದೆ. ಅದು ದುಡ್ಡು ಮುಟ್ಟಿದ್ದಕ್ಕೆ ರಸೀದಿ ಅಷ್ಟೆ, ಹಕ್ಕು ಬಿಟ್ಟುಕೊಟ್ಟ ಪತ್ರ ಅಲ್ಲ. ಹೆಬ್ಬೆಟ್ಟು ಒತ್ತುವವರಿದ್ದರೆ ಒಪ್ಪಂದವನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿದ್ದಾಗಿ ಅದರಲ್ಲೇ ಒಂದು ಸಾಲು ಸೇರಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಬೇಕು.

ಈಗ ಟೇಪು.

ಡೆಕ್ಕಿಗೆ ಹಾಕುವ ಮುಂಚೆ ಕ್ಯಾಸೆಟ್ಟಿನ ಮೇಲಂಚಿನ ಎರಡು ಕಿವಿ ನೋಡಿ. ಮುರಿಯದೆ ಇದ್ದರೆ ಮುರಿದುಬಿಡಿ, ಕಾಗದ ತುರುಕಿ ಮುಚ್ಚಿದ್ದರೆ ಕಿತ್ತುಹಾಕಿ. ತಪ್ಪಿ ರೆಕಾರ್ಡ್ ಗುಂಡಿ ಬಿದ್ದರೂ ಅಳಿಯಬಾರದು. ಆಮೇಲೆ ಆರು ಮೂಲೆಯ ಪೆನ್ಸಿಲ್ ತೂರಿಸಿ ಕೈಯಲ್ಲೇ ಹತ್ತು ಸುತ್ತು ತಿರುಗಿಸಬೇಕು. ಬಿಗಿಯಾಗಿದ್ದರೆ ಒಳಗಿನ ಜಾರುಹಾಳೆ ಸುಕ್ಕಾಗಿದೆ, ಇಲ್ಲವೇ ಕಂಪನಿ ನಾಲ್ಕಾಣೆ ಉಳಿಸಲು ಅದನ್ನು ಹಾಕಿಯೇ ಇಲ್ಲ. ಟೇಪಿನ ಹಿಂದಿನ ಪ್ರೆಷರ್ ಪ್ಯಾಡು, ಆ ಪುಟ್ಟ ಉಣ್ಣೆಯ ತುಂಡು, ಇದೆಯೋ ನೋಡಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಶೀಟಿನ ಮನೆಯ ಅಟ್ಟದಲ್ಲಿದ್ದ ಕ್ಯಾಸೆಟ್ಟುಗಳಲ್ಲಿ ಅಂಟು ಒಣಗಿ ಪ್ಯಾಡು ಉದುರಿರುತ್ತದೆ. ಪ್ಯಾಡಿಲ್ಲದೆ ನುಡಿಸಿದರೆ ದನಿ ಕಂಬಳಿಯೊಳಗಿಂದ ಬಂದಂತೆ ಬರುತ್ತದೆ, ‘ಟೇಪು ಹಾಳಾಗಿದೆ’ ಅಂತ ಮೋಸಹೋಗುತ್ತೇವೆ. ಮಲೆನಾಡಿನ ಸರಕಿನಂತೆ ಇಲ್ಲಿ ಬೂಷ್ಟಿನ ಕಾಟ ಅಷ್ಟಿಲ್ಲ. ನಮ್ಮ ಶತ್ರು ಶಾಖ ಮತ್ತು ಕೆಂಧೂಳು.

ಮದ್ದು ಒಂದೇ, ಹೊಸ ಶೆಲ್ಲಿಗೆ ವರ್ಗಾವಣೆ. ಐದು ಸ್ಕ್ರೂ ಇರುವ ಖಾಲಿ ಶೆಲ್ ತೆಗೆದುಕೊಳ್ಳಿ. ಹಳೆಯದು ಸ್ಕ್ರೂ ಇದ್ದರೆ ಸಲೀಸು, ಅಂಟಿಸಿದ್ದಾದರೆ ಅಂಚಿನ ಗೆರೆಗೆ ಬ್ಲೇಡು ಕೊಟ್ಟು ನಾಲ್ಕೂ ಮೂಲೆಯಿಂದ ಸ್ವಲ್ಪ ಸ್ವಲ್ಪ ಎತ್ತಬೇಕು. ಟೇಪಿನ ಅಗಲ 3.81 ಮಿ.ಮೀ., ಅರವತ್ತು ನಿಮಿಷದ ಕ್ಯಾಸೆಟ್ಟಾದ ಸಿ-60ರಲ್ಲಿ ಸುಮಾರು 90 ಮೀಟರ್ ಇರುತ್ತದೆ. ಸುರುಳಿ ಜಾರಿ ನೆಲಕ್ಕೆ ಬಿದ್ದರೆ ಆ ದಿನ ಮುಗಿಯಿತು. ಕೆಳಗೆ ಬಿಳಿ ಬಟ್ಟೆ ಹಾಸಿ, ಫ್ಯಾನ್ ಆರಿಸಿ ಕೂರುವುದು ಮೇಲು. ತುಂಡಾದ ಕಡೆ ಟೇಪು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪೇ ಆಗಬೇಕು. ಮಾಮೂಲಿ ಸೆಲ್ಲೊ ಟೇಪಿನ ಅಂಟು ಬೇಸಿಗೆಗೆ ಜಿನುಗಿ ಪಕ್ಕದ ಸುತ್ತಿಗೂ, ಟೇಪಿನಿಂದ ದನಿ ಓದುವ ಹೆಡ್ಡಿಗೂ ಹತ್ತುತ್ತದೆ. ಹೆಡ್ಡು, ಟೇಪು ಎಳೆಯುವ ಕಡ್ಡಿಯಾದ ಕ್ಯಾಪ್‌ಸ್ಟನ್ ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತರಬೇಕು, ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ. ಪ್ರತಿ ಕ್ಯಾಸೆಟ್ಟಿಗೂ ಒಮ್ಮೆ ಒರೆಸಬೇಕು, ಅಗ್ಗದ ಟೇಪು ಕಂದುಪುಡಿ ಉದುರಿಸುತ್ತಲೇ ಇರುತ್ತದೆ.

ನುಡಿಸುವ ಮುನ್ನ ಎರಡು ಸಲ ಈ ತುದಿಯಿಂದ ಆ ತುದಿಗೆ ಸುತ್ತಿಸಿ. ವರ್ಷಗಟ್ಟಲೆ ಒಂದರ ಮೇಲೊಂದು ಕೂತ ಸುತ್ತುಗಳಲ್ಲಿ ಒಂದರ ದನಿ ಪಕ್ಕದ್ದಕ್ಕೆ ಮೆಲ್ಲಗೆ ಅಚ್ಚೊತ್ತಿರುತ್ತದೆ. ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳಿಸುವುದು ಇದರಿಂದ. ಸುತ್ತಿಸಿದರೆ ಪೂರ್ತಿ ಹೋಗುವುದಿಲ್ಲ, ತಗ್ಗುತ್ತದೆ. ಟೇಪಿನ ಸರಸರ ತಗ್ಗಿಸುವ ಡಾಲ್ಬಿ ಸ್ವಿಚ್ ಆಫ್ ಇರಲಿ. ಈ ಮಟ್ಟದ ಕಂಪನಿಗಳು ಡಾಲ್ಬಿ ಹಾಕಿ ಕಾಪಿ ಹೊಡೆದದ್ದನ್ನು ನಾವು ಕಂಡಿಲ್ಲ.

ಇನ್ನು ಆಜಿಮತ್, ಅಂದರೆ ಟೇಪಿಗೆ ಎದುರಾಗಿ ಹೆಡ್ಡು ನಿಲ್ಲುವ ಕೋನ. ಇಡೀ ಕೆಲಸದಲ್ಲಿ ಒಂದನ್ನೇ ಸರಿಯಾಗಿ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. 10,000 ಹರ್ಟ್ಸ್ ದನಿಯ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ 4.76 ಮೈಕ್ರಾನ್. ಕಾಪಿ ಮಷೀನಿನ ಹೆಡ್ಡು ಕೂದಲೆಳೆಯಷ್ಟು ವಾರೆಯಾಗಿತ್ತು ಅಂದರೆ ನಮ್ಮ ಡೆಕ್ಕಿನ ನೆಟ್ಟಗಿನ ಹೆಡ್ಡಿಗೆ ಆ ತಾಳದ ಝಣಝಣ ಸಿಗುವುದೇ ಇಲ್ಲ. ಎಲ್ಲರೂ ಹಳೇ ಕ್ಯಾಸೆಟ್ ಮಂಕು ಅನ್ನುತ್ತಾರಲ್ಲ, ಅರ್ಧಕ್ಕರ್ಧ ಇದೇ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸ್ಕ್ರೂ ಇದೆ. ಎರಡೂ ಚಾನೆಲ್ ಸೇರಿಸಿ ಮೊನೊ ಮಾಡಿ, ಹೆಡ್‌ಫೋನ್ ಹಾಕಿ, ತಾಳವೋ ಗೆಜ್ಜೆಯೋ ಇರುವ ಜಾಗ ನುಡಿಸುತ್ತ, ಅಯಸ್ಕಾಂತ ಹಿಡಿಯದ ಸ್ಕ್ರೂಡ್ರೈವರಿನಲ್ಲಿ ಎಂಟನೇ ಒಂದು ಸುತ್ತಿಗಿಂತ ಕಡಿಮೆ ಆಚೀಚೆ ಮಾಡಬೇಕು. ಒಂದು ಜಾಗದಲ್ಲಿ ಪರದೆ ಸರಿಸಿದಂತೆ ತಾಳ ಎದ್ದು ಬರುತ್ತದೆ. ಅಲ್ಲೇ ನಿಲ್ಲಿಸಿ. ಬಿ ಸೈಡಿಗೆ ಮತ್ತೆ ಮೊದಲಿಂದ ಮಾಡಬೇಕು, ಎರಡು ಬದಿಯ ಕೋನ ಒಂದೇ ಇರುವುದು ಕಡಿಮೆ. ಇಲ್ಲಿ ಕಳೆದ ತಾಳವನ್ನು ಯಾವ ಸಾಫ್ಟ್‌ವೇರೂ ಆಮೇಲೆ ತಂದುಕೊಡುವುದಿಲ್ಲ.

ಎರಡನೆಯ ಕಷ್ಟ ವೇಗ. ನಮ್ಮ ಡೆಕ್ಕನ್ನು 3150 ಹರ್ಟ್ಸ್ ಟೋನಿನ ಟೆಸ್ಟ್ ಟೇಪಿಗೆ ಹೊಂದಿಸಿಕೊಂಡರೂ ಅವತ್ತು ರೆಕಾರ್ಡ್ ಮಾಡಿದ ಮಷೀನು ಸರಿ ಇತ್ತು ಅಂತ ಏನು ಗ್ಯಾರಂಟಿ? ಇಲ್ಲಿ ಕೈ ಹಿಡಿಯುವುದು ಹಾರ್ಮೋನಿಯಂ. ಭಜನೆಯವರು ಶ್ರುತಿಯನ್ನು ಬಿಳಿ ಒಂದು, ಕರಿ ಒಂದು, ಬಿಳಿ ಎರಡು ಅಂತ ಮನೆಯ, ಅಂದರೆ ಒತ್ತುವ ಕೀಲಿಯ, ಹೆಸರಿನಿಂದ ಹೇಳುತ್ತಾರಲ್ಲ, ಆ ಮನೆಗಳ ನಡುವೆ ಜಾಗ ಇಲ್ಲ. ಬಿಳಿ ಒಂದು 261.6 ಹರ್ಟ್ಸ್, ಕರಿ ಒಂದು 277.2. ಒಂದು ತತ್ವಪದದ ಕ್ಯಾಸೆಟ್ಟಿನಲ್ಲಿ ಷಡ್ಜ 269ಕ್ಕೆ ಬಂತು. ಅಂಥ ಮನೆ ಪೆಟ್ಟಿಗೆಯಲ್ಲಿ ಇಲ್ಲ. ಬಿಳಿ ಒಂದರಲ್ಲಿ ಹಾಡಿದ್ದು ಜೋರಾಗಿ ಓಡುತ್ತಿದೆಯೋ, ಕರಿ ಒಂದರಲ್ಲಿ ಹಾಡಿದ್ದು ನಿಧಾನವಾಗಿದೆಯೋ? ಕಿವಿಗೆ ಎರಡೂ ಸರಿ ಅನ್ನಿಸುತ್ತದೆ.

ತೀರ್ಪು ಕೊಟ್ಟದ್ದು ರೆಕಾರ್ಡಿಂಗ್ ಹೊತ್ತಿನಲ್ಲೇ ಹಾಡಿನ ಜೊತೆ ಟೇಪಿಗೆ ಸೇರಿದ, 50 ಹರ್ಟ್ಸ್ ಆಸುಪಾಸಿನ ಕರೆಂಟಿನ ಗುಂಯ್ ಸದ್ದು. ಹಾಡಿನ ನಡುವಿನ ಖಾಲಿ ಜಾಗವನ್ನು ಹತ್ತು ಸೆಕೆಂಡು ತೆಗೆದು, 8000 ಹರ್ಟ್ಸ್ ಸ್ಯಾಂಪಲ್ ರೇಟಿಗೆ ಇಳಿಸಿ, ಆಡಾಸಿಟಿ ಎಂಬ ಆಡಿಯೊ ಸಾಫ್ಟ್‌ವೇರಿನ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ 65536 ಅಳತೆ ಕೊಟ್ಟರೆ 0.12 ಹರ್ಟ್ಸ್ ಸೂಕ್ಷ್ಮಕ್ಕೆ ಓದಬಹುದು. ಗುಂಯ್ 50.4ರಲ್ಲಿತ್ತು. ಬಿಳಿ ಒಂದು ಎಂದು ಹಿಡಿದರೆ ಅವತ್ತಿನ ಕರೆಂಟು 49 ಹರ್ಟ್ಸ್, ಕರಿ ಒಂದು ಎಂದರೆ 51.9. ತೊಂಬತ್ತರ ದಶಕದ ದಕ್ಷಿಣದ ಗ್ರಿಡ್ಡು ಕೊರತೆಯಲ್ಲಿ 49ಕ್ಕೂ ಕೆಳಗೆ ಕುಸಿಯುತ್ತಿತ್ತು, ಸಂಜೆ ಹೊತ್ತು 52ರತ್ತ ಏರುವ ಭಾಗ್ಯ ಎಲ್ಲಿತ್ತು? ಬಿಳಿ ಒಂದೇ. ಚೇಂಜ್ ಸ್ಪೀಡ್‌ನಲ್ಲಿ ಮೈನಸ್ 2.75 ಶೇಕಡಾ ಕೊಟ್ಟೆವು. ಚೇಂಜ್ ಟೆಂಪೊ ಒತ್ತಬೇಡಿ, ಅದು ಶ್ರುತಿ ಬಿಟ್ಟು ಬರೀ ಲಯ ಬದಲಿಸುತ್ತದೆ. ಕಾಪಿ ಹೊಡೆಯುವಾಗ ಸೇರಿದ ಗುಂಯ್ ಲೆಕ್ಕ ತಪ್ಪಿಸುವುದಿಲ್ಲವೇ ಅಂತ ಕೇಳಬಹುದು. ಎಂಟು ಪಟ್ಟು ವೇಗದ ಮಷೀನಿನಲ್ಲಿ ಸೇರಿದ 50 ಹರ್ಟ್ಸ್, ಮಾಮೂಲಿ ವೇಗದಲ್ಲಿ ನುಡಿಸಿದಾಗ 6.25ಕ್ಕೆ ಇಳಿದಿರುತ್ತದೆ. ಅದು ಈ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. ಬ್ಯಾಟರಿ ಟೇಪ್‌ರೆಕಾರ್ಡರಿನಲ್ಲಿ ಹಟ್ಟಿಗೇ ಹೋಗಿ ಹಿಡಿದ ಗಣೆಯ (ಕಾಡುಗೊಲ್ಲರ ಉದ್ದ ಕೊಳಲಿನ) ಪದಗಳಲ್ಲಿ ಹಾರ್ಮೋನಿಯಮ್ಮೂ ಇಲ್ಲ, ಗುಂಯ್‌ಗುಡುವ ಕರೆಂಟೂ ಇಲ್ಲ. ಅಲ್ಲಿ ಹಾಡಿದವರ ಮುಂದೆಯೇ ಮೂರು ವೇಗದಲ್ಲಿ ನುಡಿಸಿ ತೋರಿಸುವುದು. ತಮ್ಮ ದನಿ ಯಾವುದು ಅಂತ ಅವರು ತಟ್ಟನೆ ಹೇಳುತ್ತಾರೆ.

ಕಂಪ್ಯೂಟರಿಗೆ ಇಳಿಸುವುದು ಸುಲಭದ ಭಾಗ. ಡೆಕ್ಕಿನ ಲೈನ್ ಔಟಿನಿಂದ ಆಡಿಯೊ ಇಂಟರ್ಫೇಸಿಗೆ, ಲ್ಯಾಪ್‌ಟಾಪಿನ ಮೈಕ್ ತೂತಿಗಲ್ಲ. 24 ಬಿಟ್, 96 ಕಿಲೊಹರ್ಟ್ಸ್ ವೇವ್ ಫೈಲು. ಒಂದು ಸಿ-60ಗೆ ಸುಮಾರು 2 ಜಿ.ಬಿ. ಜೋರಾದ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಿರಲಿ. ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ, ಮನೆಯ ಇನ್ವರ್ಟರಿಗೆ ಕರೆಂಟು ಬದಲಾಯಿತು ಅಂದರೆ ಆ ಬದಿಯನ್ನು ಮತ್ತೆ ಮೊದಲಿಂದ ಇಳಿಸಿ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರೂ ಕಿರಿಕಿರಿ ಸೇರಿಸುತ್ತದೆ. ಎಲ್ಲ ಸರಿ ಇದ್ದರೆ ಒಂದು ಕ್ಯಾಸೆಟ್ಟಿಗೆ ಮೂರೂವರೆ ಗಂಟೆ, ಶೆಲ್ ಬದಲಿಸಬೇಕಾದರೆ ಐದು.

ಸದ್ದು ತೆಗೆಯುವ ವಿಷಯದಲ್ಲಿ ನಮ್ಮದು ಜಿಪುಣ ಕೈ. ನಾಯ್ಸ್ ರಿಡಕ್ಷನ್ 6 ಡೆಸಿಬಲ್, ಅದಕ್ಕಿಂತ ಮುಂದೆ ಹೋಗುವುದಿಲ್ಲ. 12ಕ್ಕೆ ಏರಿಸಿದರೆ ಏಕತಾರಿಯ ಬಾಲ ತುಂಡಾಗುತ್ತದೆ, ದನಿ ನೀರೊಳಗಿಂದ ಹಾಡಿದಂತೆ ಗುಳುಗುಳು ಅನ್ನುತ್ತದೆ. ಉರುಮೆ ಇದ್ದರಂತೂ ಮುಟ್ಟಲೇಬೇಡಿ. ಅದರ ಉಜ್ಜುವ ಮೊರೆತವನ್ನೇ ಸಾಫ್ಟ್‌ವೇರು ಗಲೀಜು ಅಂದುಕೊಳ್ಳುತ್ತದೆ. ಯಾರೋ ಕೆಮ್ಮಿದ್ದು, ಹಾರ್ಮೋನಿಯಂ ತಿದಿಯ ಉಸಿರು ಇರಲಿ ಬಿಡಿ. ಮುಟ್ಟದ ಮೂಲ ಫೈಲನ್ನು ಎರಡು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇಡಬೇಕು.

ಕಥೆಯ ಕ್ಯಾಸೆಟ್ಟುಗಳದ್ದೇ ಒಂದು ಪೇಚು. ಗಾದ್ರಿ ಪಾಲನಾಯಕನ ಕಥೆ ಎ ಸೈಡಿನ ಕೊನೆಗೆ ನಡುವಲ್ಲೇ ನಿಂತು, ಬಿ ಸೈಡಿನಲ್ಲಿ ಕೊನೆಯ ಸೊಲ್ಲನ್ನು ಮತ್ತೊಮ್ಮೆ ಹಾಡಿ ಮುಂದುವರಿಯುತ್ತದೆ. ಆ ಮರುಸೊಲ್ಲು ಕತ್ತರಿಸುವ ಆಸೆ ಬರುತ್ತದೆ. ನಾವು ಒಂದು ಸೆಕೆಂಡಿನ ಮೌನ ಬಿಟ್ಟು ಹಾಗೇ ಸೇರಿಸಿದೆವು. ಕ್ಯಾಸೆಟ್ ತಿರುವಿ ಹಾಕಿದ ಜಾಗ ಅದು, ಹಾಡಿದವರೇ ಹಾಕಿಕೊಂಡ ಗಂಟು. ಇಪ್ಪತ್ತೆರಡು ನಿಮಿಷದ ಕಥೆಯನ್ನು ಏಳು ತುಂಡು ಮಾಡಿದರೆ ಏಳು ಪಾಲು ದುಡ್ಡು ಬರುತ್ತದೆ ಅನ್ನುವವರೂ ಇದ್ದಾರೆ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಲೆಕ್ಕ, ನಿಜ. ಆದರೆ 2024ರಿಂದ ಅಲ್ಲಿ ಒಂದು ಟ್ರ್ಯಾಕು ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸದಿದ್ದರೆ ಕಾಸು ಹುಟ್ಟುವುದಿಲ್ಲ. ಏಳು ತುಂಡಿಗೂ ಸೊನ್ನೆ ಬಂದರೆ ಕಥೆ ಕಡಿದದ್ದಷ್ಟೇ ಲಾಭ.

ಆನ್‌ಲೈನಿಗೆ ಕಳಿಸುವ ಅಗ್ರಿಗೇಟರು ಕೇಳುವುದು 3000×3000 ಪಿಕ್ಸೆಲ್ಲಿನ ಚೌಕ ಚಿತ್ರ. ಇನ್‌ಲೇ ಮುಖ ಉದ್ದನೆಯದು, ಸುಮಾರು 6.5 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸಾಲದು, 1200 ಬೇಕು. ಎರಡು ಬದಿ ಉಳಿಯುವ ಜಾಗಕ್ಕೆ ಕವರಿನದ್ದೇ ಒಂದು ಬಣ್ಣ ತುಂಬಿ. ಬೆಲೆ, ಫೋನ್ ನಂಬರು ಕಾಣಿಸಿದರೆ ಚಿತ್ರ ವಾಪಸ್ ಬರುತ್ತದೆ, ಅಳಿಸಿ ಕಳಿಸಬೇಕು; ಅಳಿಸದ ಸ್ಕ್ಯಾನು ನಿಮ್ಮ ಬಳಿ ಇರಲಿ. ಮೊದಲ ಬಿಡುಗಡೆಯ ದಿನಾಂಕಕ್ಕೆ ಬೇರೆ ಖಾನೆ ಇರುತ್ತದೆ. ಅಲ್ಲಿ ಇವತ್ತಿನ ತಾರೀಖು ಹಾಕಿದರೆ 1991ರ ಹಾಡು 2026ರದ್ದಾಗಿ ಕೂರುತ್ತದೆ. ಪ್ರತಿ ಮುದ್ರಣಕ್ಕೂ ಅದನ್ನು ಗುರುತಿಸುವ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ ಬೇಕು. ಅಗ್ರಿಗೇಟರೇ ಕೊಟ್ಟರೂ ಅದನ್ನು ನಿಮ್ಮ ಶೀಟಿನಲ್ಲಿ ಬರೆದಿಡಿ, ನಾಳೆ ಅಗ್ರಿಗೇಟರು ಬದಲಾದರೆ ಅದೇ ಸಂಖ್ಯೆ ಮುಂದುವರಿಯಬೇಕು. ಹಾಡು ಗುರುತಿಸಿ ಹಕ್ಕು ಸಾರುವ ಯೂಟ್ಯೂಬಿನ ಕಂಟೆಂಟ್ ಐಡಿಗೆ ಭಜನೆಗಳನ್ನು ಹಾಕಬೇಡಿ. ಅದೇ ಧಾಟಿ ಹಾಡುವ ಪಕ್ಕದೂರಿನ ಮೇಳದ ವಿಡಿಯೊ ಮೇಲೆ ನಿಮ್ಮ ಹೆಸರಿನಲ್ಲಿ ಹಕ್ಕಿನ ಕ್ಲೇಮು ಬೀಳುತ್ತದೆ. ಕಲಾವಿದರ ಖಾನೆಯಲ್ಲಿ ‘ಮತ್ತು ಸಂಗಡಿಗರು’ ಹಾಕಲಿಲ್ಲ; ಒಬ್ಬೊಬ್ಬರನ್ನೂ ವಾದ್ಯದ ಸಮೇತ ಸೇರಿಸಿದೆವು. ಆ ಹೆಸರುಗಳು ಕೇಳುವವರ ಪರದೆಯಲ್ಲಿ ಮೂರು ಸಲ ಒತ್ತಿದ ಮೇಲೆ ಎಲ್ಲೋ ಒಳಗೆ ಕಾಣುತ್ತವೆ, ಅದು ಬೇರೆ ಮಾತು.

ಈ ಹಾಡು ಕೇಳುವವರು ನಿಜಕ್ಕೂ ಕೇಳುವುದು ಪೆನ್‌ಡ್ರೈವಿನಲ್ಲಿ. ಟ್ರ್ಯಾಕ್ಟರು, ಟಂಟಂ, ಗುಡಿಯ ಮೈಕ್‌ಸೆಟ್ಟು. ಅದಕ್ಕೆ ಬೇರೆ ತಯಾರಿ. ಎಫ್‌ಎಟಿ32 ಫಾರ್ಮ್ಯಾಟು, 192 ಕೆಬಿಪಿಎಸ್ ಎಂಪಿ3. ಒಂದು ಗಂಟೆಯ ಹಾಡಿಗೆ 86 ಎಂ.ಬಿ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಕನ್ನಡ ಕೊಟ್ಟರೆ ಆ ಪ್ಲೇಯರುಗಳ ಕಿರುಪರದೆಯಲ್ಲಿ ಬರೀ ಡಬ್ಬಿ. ಮುಂದೆ 01, 02 ಅಂತ ನಂಬರು ಹಾಕಿದರೂ ಅಗ್ಗದ ಪ್ಲೇಯರು ಅದನ್ನು ನೋಡುವುದಿಲ್ಲ, ಡ್ರೈವಿಗೆ ಯಾವುದು ಮೊದಲು ಬಿತ್ತೋ ಅದನ್ನೇ ಮೊದಲು ನುಡಿಸುತ್ತದೆ. ಎಲ್ಲ ಫೈಲನ್ನು ಒಟ್ಟಿಗೆ ಎಳೆದು ಹಾಕಿದರೆ ಕಥೆಯ ಎರಡನೇ ಭಾಗ ಮೊದಲು ಬರಬಹುದು. ಖಾಲಿ ಡ್ರೈವಿಗೆ ಒಂದೊಂದಾಗಿ, ಕ್ರಮವಾಗಿ ಹಾಕಬೇಕು.

ಕಿರುಪರದೆಯಲ್ಲಿ ಹೆಸರು ಬರುವುದಿಲ್ಲ, ಪೆನ್‌ಡ್ರೈವಿಗೆ ಕವರೂ ಇಲ್ಲ. ಹಾಗಾಗಿ ಊರಿನ ಕಟ್ಟೆಯ ಮೇಲೆ ಮೊಬೈಲಿನಲ್ಲಿ ಹಿಡಿದಿದ್ದ ದನಿಗಳನ್ನೇ ಕತ್ತರಿಸಿ ಜೋಡಿಸಿ, ನಲವತ್ತು ಸೆಕೆಂಡಿನ ಒಂದು ಫೈಲು ಮಾಡಿದೆವು: ನಾನು ಇಂಥವನು, ಇಂಥ ಊರು, ದಮ್ಮಡಿ, ನಾನು ಇಂಥವಳು, ಸೊಲ್ಲು. ಅದನ್ನು ಎಲ್ಲಕ್ಕಿಂತ ಮೊದಲು ಡ್ರೈವಿಗೆ ಹಾಕುತ್ತೇವೆ. ಅಗ್ಗದ ಪ್ಲೇಯರುಗಳಿಗೆ ನಿಲ್ಲಿಸಿದ ಜಾಗ ನೆನಪಿರುವುದಿಲ್ಲ, ಕೀಲಿ ತಿರುಗಿಸಿದಾಗಲೆಲ್ಲ ಮೊದಲ ಫೈಲಿನಿಂದಲೇ ಶುರು. ದಿನಕ್ಕೆ ನಾಲ್ಕು ಸಲ ಟ್ರ್ಯಾಕ್ಟರು ಸ್ಟಾರ್ಟ್ ಮಾಡುವವರು ನಾಲ್ಕು ಸಲ ಆ ಹೆಸರು ಕೇಳುತ್ತಾರೆ. ಅದನ್ನು ತೆಗೆದುಕೊಡಿ ಅಂತ ಕೇಳಿದವರಿದ್ದಾರೆ. ತೆಗೆದಿಲ್ಲ.